ಕುಮ್ಮಟದುರ್ಗದಲ್ಲಿ ಕುಮಾರರಾಮನನ್ನು ಹುಡುಕಿಕೊಂಡು

ಹಂಪಿಯ ಹೇಮಕೂಟಕ್ಕೆ ಜನ ಹೆಚ್ಚಾಗಿ ಸಂಜೆ ಹೋಗುತ್ತಾರೆ, ಸೂರ್ಯ ಮುಳುಗುವುದನ್ನು ನೋಡಲು. ನಾನೂ ನನ್ನ ಚಿಕ್ಕಪ್ಪನ ಮಗನೂ ಡಿಸೆಂಬರಿನ ಒಂದು ದಿನ ಬೆಳಿಗ್ಗೆ ಆರೂವರೆಗೇ ಹತ್ತಿದೆವು. ಬಂಡೆ ಇನ್ನೂ ತಣ್ಣಗಿತ್ತು. ಕೆಳಗೆ ವಿರೂಪಾಕ್ಷನ ಗುಡಿಯಲ್ಲಿ ಗಂಟೆ ಬಡಿಯುತ್ತಿತ್ತು. ನಾವು ಬಂದದ್ದು ಒಂದು ಹೆಸರಿಗಾಗಿ.

ಹೇಮಕೂಟದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಕಲ್ಲಿನ ಶಿಖರಗಳ ಗುಡಿಗಳಿವೆಯಲ್ವಾ, ಅವುಗಳಲ್ಲಿ ಕೆಲವು ವಿಜಯನಗರಕ್ಕಿಂತ ಹಳೆಯವು. ಒಂದೇ ಮಂಟಪಕ್ಕೆ ಮೂರು ಗರ್ಭಗುಡಿ ಇರುವಂಥವು. ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ಇಲ್ಲಿ ಶಿವಾಲಯ ಕಟ್ಟಿಸಿ ಮೂರು ಲಿಂಗಗಳನ್ನು ಇಡಿಸಿದ ಎಂದು ಇಲ್ಲಿನ ಶಾಸನ ಹೇಳುತ್ತದೆ. ಒಂದು ಅಪ್ಪನ ನೆನಪಿಗೆ. ಒಂದು ತಾಯಿ ಮಾದನಾಯಕಿತಿಯ ನೆನಪಿಗೆ. ಇನ್ನೊಂದು ಪೆರುಮೆಯ ನಾಯಕನ ನೆನಪಿಗೆ.

ಆ ಕಂಪಿಲದೇವನೇ ನಮ್ಮ ಕಥೆಯ ಕಂಪಿಲರಾಯ, 14ನೇ ಶತಮಾನದ ಆರಂಭದಲ್ಲಿ ತುಂಗಭದ್ರೆಯ ದಂಡೆಯ ಕಂಪಿಲಿ ಎಂಬ ಸಣ್ಣ ರಾಜ್ಯ ಆಳಿದವನು. ಗಂಡುಗಲಿ ಕುಮಾರರಾಮನ ಅಪ್ಪ.

"ಅಕ್ಕಾ, ಅಪ್ಪನ ಹೆಸರು ಸಿಕ್ತು. ಮಗಂದು?" ಅಂದ ತಮ್ಮ.

ಮಗನ ಹೆಸರು ಆ ಕಲ್ಲಿನಲ್ಲಿ ಇಲ್ಲ. ಅದಕ್ಕೇ ನಾವು ಅವತ್ತು ಹೊಳೆ ದಾಟಿ ಅವರ ಬೆಟ್ಟದ ಕೋಟೆ ಕುಮ್ಮಟಕ್ಕೆ ಹೊರಟಿದ್ದು.

ನಾನು ಚಿಕ್ಕವಳಿದ್ದಾಗ ಅಮ್ಮನ ತವರಿನಲ್ಲಿ ಕುಮಾರರಾಮನ ಬಯಲಾಟ ನೋಡಿದ್ದೆ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಕು ಹರಿಯುವವರೆಗೂ ನಡೆದ ಆಟ. ಕಿರೀಟ, ಭುಜಕೀರ್ತಿ, ಹಲಗೆಯ ಮೇಲೆ ಧಡಧಡ ಕುಣಿತ. ಮಲತಾಯಿ ರತ್ನಾಜಿ ಕುಮಾರರಾಮನನ್ನು ಮೋಹಿಸುತ್ತಾಳೆ. ಅವನು 'ನೀನು ನನಗೆ ತಾಯಿ' ಎನ್ನುತ್ತಾನೆ. ಅವಳು ಗಂಡನ ಹತ್ತಿರ ಚಾಡಿ ಹೇಳುತ್ತಾಳೆ. ಕಂಪಿಲರಾಯ ಮಗನ ತಲೆ ತೆಗೆಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ಬೇರೆಯವನ ತಲೆ ತೋರಿಸಿ ರಾಮನನ್ನು ಬಚ್ಚಿಡುತ್ತಾನೆ. ದಿಲ್ಲಿಯ ಸೈನ್ಯ ಬಂದಾಗ, ಎಲ್ಲ ಮುಗಿಯಿತು ಅನ್ನುವಾಗ, ರಾಮ ಹೊರಗೆ ಬಂದು ಕಾದಾಡಿ ಸಾಯುತ್ತಾನೆ. ರತ್ನಾಜಿ ರಂಗಕ್ಕೆ ಬಂದಾಗಲೆಲ್ಲ ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸರು ಬೈಯುತ್ತಿದ್ದರು. ರಾಮ ಸತ್ತಾಗ ಅವರೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅವನು ನಿಜವಾಗಿ ಇದ್ದನಾ ಅಂತ ಅವರು ಯಾರೂ ಕೇಳಲಿಲ್ಲ. ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದ್ದು ಎಷ್ಟೋ ವರ್ಷ ಆದಮೇಲೆ.

ಬೈಕ್ ಕಂಪ್ಲಿಯ ಕಡೆ ತಿರುಗಿತು. ರಸ್ತೆಯ ಎರಡೂ ಕಡೆ ಬಾಳೆ ಮತ್ತು ಭತ್ತ. ಈ ಕಂಪ್ಲಿಯೇ ಹಳೆಯ ಕಂಪಿಲಿ. ಕಂಪಿಲರಾಯನಿಗಿಂತ ಮುನ್ನೂರು ವರ್ಷ ಮೊದಲೇ ಇದು ದೊಡ್ಡ ಊರು. 11ನೇ ಶತಮಾನದಲ್ಲಿ ಚೋಳರು ಇಲ್ಲಿದ್ದ ಚಾಲುಕ್ಯರ ಅರಮನೆಯನ್ನು ಸುಟ್ಟೆವೆಂದು ತಮ್ಮ ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಈಗ ಹೊಳೆಯ ದಂಡೆಯ ಮೇಲೆ ಕೋಟೆ ಎಂಬ ಹೆಸರಿನ ಭಾಗವೇ ಇದೆ, ಪಂಪಾಪತಿಯ ಗುಡಿ ಇದೆ. ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಗುಡಿಯ ಮುಂದೆ ಒಂದು ಮೊಳ ಮಲ್ಲಿಗೆ ಕೊಂಡುಕೊಂಡೆ. ಗಂಗಾವತಿ ಕಡೆಯ ಸೇತುವೆಯ ಮೇಲೆ ಮಾತ್ರ ಸ್ವಲ್ಪ ನಿಂತೆವು. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟಾಗ ಈ ಸೇತುವೆ ಮುಳುಗುತ್ತದೆ. ಡಿಸೆಂಬರಿನಲ್ಲಿ ತುಂಗಭದ್ರೆ ಬಂಡೆಗಳ ಸಂದಿಯಲ್ಲಿ ಸುಮ್ನೆ ಹರಿಯುತ್ತಿದ್ದಳು.

ಗಂಗಾವತಿಯಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ತಿಂದೆವು. ಎಲ್ಲಿಗೆ ಹೊರಟಿದ್ದೀರಿ ಎಂದು ಹೋಟೆಲಿನವರು ಕೇಳಿದರು.

"ಕುಮ್ಮಟಕ್ಕ? ಈಗೇನು ಜಾತ್ರಿ ಇಲ್ಲಲ್ರೀ ಅಕ್ಕಾರ?"

"ಕೋಟಿ ನೋಡಾಕ ಹೊಂಟೀವ್ರಿ," ಅಂದ ತಮ್ಮ.

"ನೀರು ತಗೊಂಡು ಹೋಗ್ರಿ. ಮ್ಯಾಲ ಏನೂ ಸಿಗಂಗಿಲ್ಲ."

ಜಬ್ಬಲಗುಡ್ಡದ ಕಡೆ ಹೋಗುವಾಗ ಭೂಮಿಯೇ ಬದಲಾಗುತ್ತದೆ. ಕಾಲುವೆಯ ಹಸಿರು ಹಿಂದೆ ಉಳಿಯುತ್ತದೆ. ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಗುಡ್ಡಗಳು ಶುರುವಾಗುತ್ತವೆ. ಎಲ್ಲ ಗುಡ್ಡಗಳೂ ಒಂದೇ ಥರ ಕಾಣುತ್ತವೆ. ನಾವು ಮೊದಲು ಬೇರೆ ಯಾವುದೋ ಗುಡ್ಡ ಹತ್ತಿಬಿಟ್ಟೆವು. ಮುಕ್ಕಾಲು ಗಂಟೆ ಹತ್ತಿದ ಮೇಲೂ ಒಂದು ಗೋಡೆ ಸಿಗಲಿಲ್ಲ. ಇಳಿದು, ಕುರಿ ಕಾಯುತ್ತಿದ್ದ ಹುಡುಗನೊಬ್ಬನನ್ನು ಕೇಳಿದಾಗ ಅವನು ಕೋಲು ಎತ್ತಿ ತೋರಿಸಿದ. ಅವನು ತೋರಿಸಿದ ಕಡೆ ಕಣ್ಣು ಕಿರಿದು ಮಾಡಿ ನೋಡಿದೆ. ಬಂಡೆಗಳ ನಡುವೆ ಒಂದು ಗೆರೆ ಎಳೆದ ಹಾಗಿತ್ತು. ಅದು ಕೋಟೆಯ ಗೋಡೆ!

ಹತ್ತಿರ ಹೋದಾಗ ಅದರ ಉಪಾಯ ತಿಳಿಯಿತು. ಕಟ್ಟಿದವರು ಬೆಟ್ಟವನ್ನೇ ಅರ್ಧ ಕೋಟೆ ಮಾಡಿಕೊಂಡಿದ್ದಾರೆ. ಆನೆಯಂಥ ಬಂಡೆ ಇರುವಲ್ಲಿ ಗೋಡೆಯೇ ಇಲ್ಲ. ಎರಡು ಬಂಡೆಗಳ ನಡುವೆ ಸಂದು ಇರುವಲ್ಲಿ ಮಾತ್ರ ಕಲ್ಲು ಜೋಡಿಸಿ ಮುಚ್ಚಿದ್ದಾರೆ. ನಾನು ನೋಡಿದ ಕಡೆಯೆಲ್ಲ ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು. ಒಂದು ಸುತ್ತು ದಾಟಿದರೆ ಇನ್ನೊಂದು. ಬಾಗಿಲಿನ ದಾರಿ ನೇರವಾಗಿ ಒಳಗೆ ಹೋಗುವುದಿಲ್ಲ, ಬಾಗಿಕೊಂಡು ಹೋಗುತ್ತದೆ. ಹೊರಗಿನಿಂದ ನುಗ್ಗಿ ಬರುವವನಿಗೆ ಮುಂದೇನಿದೆ ಎಂದು ಕಾಣಬಾರದು. ಒಳಗೆ ಮಳೆನೀರು ನಿಲ್ಲುವ ಹೊಂಡಗಳಿವೆ. ನಾವು ಹೋದಾಗ ಒಂದರಲ್ಲಿ ಹಸಿರು ನೀರು ಇತ್ತು.

"ಅರಮನಿ ಎಲ್ಲೈತಿ?" ಅಂದ ತಮ್ಮ.

ಕಾವ್ಯಗಳಲ್ಲಿ ಕುಮ್ಮಟದ ಅರಮನೆಯ ಬಣ್ಣನೆ ಬೇಕಾದಷ್ಟಿದೆ. ನಮ್ಮ ಕಣ್ಣಿಗೆ ಬಿದ್ದದ್ದು ಹುಲ್ಲು, ಮುಳ್ಳು, ಒಂದಷ್ಟು ಬುನಾದಿ ಕಲ್ಲು. ಹಾಗಂತ ಇಲ್ಲಿ ಅರಮನೆಯೇ ಇರಲಿಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೆಳಿಗ್ಗೆ ನೋಡಿದ ಹಂಪಿಯಲ್ಲೇ, ಅಷ್ಟು ದೊಡ್ಡ ಸಾಮ್ರಾಜ್ಯದ ರಾಜರ ಅರಮನೆಗಳ ಜಗಲಿ ಮಾತ್ರ ಉಳಿದಿದೆ. ಮೇಲಿನದು ಮರ, ಮಣ್ಣು. ಅದು ಸುಟ್ಟು ಹೋಗುತ್ತದೆ, ಕರಗಿ ಹೋಗುತ್ತದೆ.

ಕೋಟೆ ನಿಜ ಎನ್ನಲು ಗೋಡೆಗಿಂತ ಗಟ್ಟಿ ಸಾಕ್ಷಿ ಬೇರೆ ಇದೆ. ಅದೂ ಗೆದ್ದವರ ಕಡೆಯದು. 1350ರಲ್ಲಿ, ಅಂದರೆ ಕಂಪಿಲಿ ಬಿದ್ದು ಇಪ್ಪತ್ತಮೂರೇ ವರ್ಷಕ್ಕೆ, ಇಸಾಮಿ ಎಂಬ ಕವಿ ಪರ್ಷಿಯನ್ ಭಾಷೆಯಲ್ಲಿ ಒಂದು ಇತಿಹಾಸ ಕಾವ್ಯ ಮುಗಿಸಿದ. ಅವನಿಗೆ ಆಶ್ರಯ ಕೊಟ್ಟವನು ಮೊದಲನೇ ಬಹಮನಿ ಸುಲ್ತಾನ. ಅದರಲ್ಲಿ ಕುಮ್ಮಟದ ಹೆಸರೂ ಇದೆ, ಹೊಸದುರ್ಗದ ಹೆಸರೂ ಇದೆ. ನಮ್ಮ ಕನ್ನಡ ಕಾವ್ಯಗಳು ಹೊಸಮಲೆದುರ್ಗ ಎನ್ನುವುದು ಅದನ್ನೇ. ಸಂಡೂರಿನ ಬೆಟ್ಟಸಾಲಿನ ರಾಮಗಡವೇ ಅದು ಎಂದು ಗುರುತಿಸುತ್ತಾರೆ.

ಯುದ್ಧದ ಕಾರಣವೂ ಕಟ್ಟುಕಥೆಯಲ್ಲ. ಮುಹಮ್ಮದ್ ಬಿನ್ ತುಘಲಕ್‌ನ ಹತ್ತಿರದ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ. ಸುಲ್ತಾನನ ಮೇಲೆ ತಿರುಗಿಬಿದ್ದು, ಸೋತು, ಓಡಿ ಬಂದು ಕಂಪಿಲರಾಯನ ಮೊರೆಹೊಕ್ಕ. ಕಂಪಿಲರಾಯ ಅವನನ್ನು ಬಿಟ್ಟುಕೊಡಲಿಲ್ಲ. ದಿಲ್ಲಿಯ ಸೈನ್ಯ ಬಂದದ್ದು ಅದಕ್ಕೆ. 1327ರ ಹೊತ್ತಿಗೆ ಎಲ್ಲ ಮುಗಿದಿತ್ತು.

ನಾನು ಅತಿ ಹೆಚ್ಚು ಸಲ ಓದಿರುವುದು ಇಬ್ನ್ ಬತೂತ ಬರೆದದ್ದನ್ನು. ಮೊರಾಕ್ಕೋದ ಈ ಪ್ರವಾಸಿ 1334ರಲ್ಲಿ ದಿಲ್ಲಿಗೆ ಬಂದ. ಕಂಪಿಲಿಯ ಸುದ್ದಿ ಆಗಿನ್ನೂ ಜನರ ಬಾಯಲ್ಲಿತ್ತು. ಅವನು ಬರೆಯುವುದು ಹೀಗೆ. ಕೋಟೆಯಲ್ಲಿ ದವಸ ಮುಗಿಯುತ್ತಾ ಬಂತು. ರಾಜ ಗುರ್ಶಾಸ್ಪ್‌ನನ್ನು ಇನ್ನೊಬ್ಬ ರಾಜನ ಹತ್ತಿರ ಕಳಿಸಿದ. ಆಮೇಲೆ ದೊಡ್ಡ ಬೆಂಕಿ ಹಾಕಿಸಿದ. ತಾನು ಸಾಯಲು ನಿರ್ಧರಿಸಿದ್ದೇನೆ, ನನ್ನ ಜೊತೆ ಬರುವವರು ಬರಬಹುದು ಎಂದು ಹೆಂಡತಿಯರಿಗೆ, ಹೆಣ್ಣುಮಕ್ಕಳಿಗೆ ಹೇಳಿದ. ಅವರು ಸ್ನಾನ ಮಾಡಿದರು. ಮೈಗೆ ಗಂಧ ಹಚ್ಚಿಕೊಂಡರು. ಅವನ ಮುಂದೆ ನೆಲಕ್ಕೆ ಮುತ್ತಿಟ್ಟು ಬೆಂಕಿಗೆ ಹಾರಿದರು. ಮಂತ್ರಿಗಳ, ಸರದಾರರ ಮನೆಯ ಹೆಂಗಸರೂ ಹಾರಿದರು. ರಾಜನೂ ಅವನ ಕಡೆಯವರೂ ಸ್ನಾನ ಮಾಡಿ, ಗಂಧ ಹಚ್ಚಿಕೊಂಡು, ಕವಚ ಇಲ್ಲದೆ ಹೊರಗೆ ಬಂದು ಸಾಯುವವರೆಗೂ ಕಾದಾಡಿದರು.

ಗುರ್ಶಾಸ್ಪ್‌ನನ್ನು ಕಳಿಸಿದ್ದು ಹೊಯ್ಸಳ ಮೂರನೇ ಬಲ್ಲಾಳನ ಹತ್ತಿರ. ಕಂಪಿಲನ ಮೇಲೆ ಹಿಂದೆ ಯುದ್ಧ ಮಾಡಿದ್ದವನೇ ಅವನು. ಅವನು ಗುರ್ಶಾಸ್ಪ್‌ನನ್ನು ಹಿಡಿದು ಸುಲ್ತಾನನ ಕಡೆಯವರಿಗೆ ಒಪ್ಪಿಸಿದ. ನಂಬಿ ಬಂದ ಒಬ್ಬನಿಗಾಗಿ ಒಂದು ಮನೆತನ ಸುಟ್ಟುಹೋಯಿತು, ಕೊನೆಗೆ ಅವನೂ ಉಳಿಯಲಿಲ್ಲ.

ಇಬ್ನ್ ಬತೂತ ಇನ್ನೊಂದು ಮಾತು ಹೇಳುತ್ತಾನೆ. ರಾಜನ ಹನ್ನೊಂದು ಮಕ್ಕಳನ್ನು ಸೆರೆಹಿಡಿದು ಸುಲ್ತಾನನ ಹತ್ತಿರ ಒಯ್ದರು. ಅವರು ಮುಸ್ಲಿಮರಾದರು. ಸುಲ್ತಾನ ಅವರಿಗೆ ಪದವಿ ಕೊಟ್ಟ. ಅವರಲ್ಲಿ ಮೂವರನ್ನು ತಾನೇ ಕಂಡಿದ್ದಾಗಿ ಅವನು ಹೇಳುತ್ತಾನೆ. ಒಬ್ಬ ಸುಲ್ತಾನನ ಮುದ್ರೆಯನ್ನು ನೋಡಿಕೊಳ್ಳುತ್ತಿದ್ದ, ಅವನ ಜೊತೆ ಸ್ನೇಹವೇ ಆಗಿತ್ತಂತೆ. ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮಾರು ಹೊತ್ತು ಕೂತಿದ್ದೆ. ಬಯಲಾಟದಲ್ಲಿ ಈ ಅಣ್ಣತಮ್ಮಂದಿರು ಬರುವುದೇ ಇಲ್ಲ.

ಹಾಗಾದರೆ ಕುಮಾರರಾಮ? ಇಬ್ನ್ ಬತೂತ ಅವನ ಹೆಸರು ಎತ್ತುವುದಿಲ್ಲ. ಆದರೆ ಹಾವೇರಿ ತಾಲ್ಲೂಕಿನ ಸಂಗೂರಿನಲ್ಲಿ 15ನೇ ಶತಮಾನದ ಆರಂಭದ ಒಂದು ಶಾಸನವಿದೆ. ಅದರಲ್ಲಿ ಮುಮ್ಮಡಿ ಸಿಂಗ, ಅವನ ಮಗ ಕಂಪಿಲ, ಕಂಪಿಲನ ಮಗ ರಾಮ, ಮೂರು ತಲೆಮಾರೂ ಸಾಲಾಗಿ ಬರುತ್ತವೆ. ಹೇಮಕೂಟದ ಕಲ್ಲೂ ಸಂಗೂರಿನ ಕಲ್ಲೂ ಒಂದೇ ಮನೆತನದ ಮಾತಾಡುತ್ತವೆ. ನನಗೆ ಇಷ್ಟು ಸಾಕು. ರಾಮ ಇದ್ದ. ನಂಜುಂಡ ಕವಿ ಅವನ ಮೇಲೆ ಸಾಂಗತ್ಯ ಬರೆದದ್ದು 16ನೇ ಶತಮಾನದಲ್ಲಿ. ಅಷ್ಟರಲ್ಲಿ ಎರಡು ಶತಮಾನ ಜನ ಅವನನ್ನು ಹಾಡಿಕೊಂಡು ಬಂದಿದ್ದಾರೆ, ಹಾಡುತ್ತಾ ಸೇರಿಸಿದ್ದಾರೆ. ದಿಲ್ಲಿಯ ಸೈನ್ಯದ ಮುಂದೆ ಮಾತಂಗಿ ಎಂಬ ಹೆಣ್ಣು ಸೇನಾಪತಿ ಬಂದದ್ದು ಹಾಗೆಯೇ ಇರಬೇಕು. ಮಲೆನಾಡಿನ ಕೆಲವು ಊರುಗಳಲ್ಲಿ ಮರದ ತಲೆಗಳನ್ನು ಮಾಡಿ, ಕುಮಾರರಾಮನದು ಎಂದು ಈಗಲೂ ಪೂಜೆ ಮಾಡುತ್ತಾರೆ. ಹೊಳೆದಂಡೆಯ ಈ ಸಣ್ಣ ರಾಜ್ಯ ಎಲ್ಲಿ, ಆ ಕಾಡಿನ ಊರುಗಳೆಲ್ಲಿ!

ರತ್ನಾಜಿಯ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಅವಳ ಕಥೆ ಸಾರಂಗಧರನ ಕಥೆಯೇ. ಅಲ್ಲಿ ಮಲತಾಯಿ ಚಿತ್ರಾಂಗಿ, ಇಲ್ಲಿ ರತ್ನಾಜಿ. ಅಶೋಕನ ಮಗ ಕುಣಾಲನ ಕಥೆಯಲ್ಲೂ ಮಲತಾಯಿಯ ಮೋಹ, ಮಗನಿಗೆ ಶಿಕ್ಷೆ. ಕುಮಾರರಾಮನಿಗಿಂತ ಎಷ್ಟೋ ಹಳೆಯ ಕಥೆ ಊರೂರು ತಿರುಗಿ ಬಂದು ಕುಮ್ಮಟದಲ್ಲಿ ಇಳಿದುಕೊಂಡಿದೆ ಎಂದೇ ನನ್ನ ನಂಬಿಕೆ. ಅವನಿಗೆ 'ಪರನಾರೀ ಸೋದರ' ಎಂಬ ಬಿರುದು ಗಟ್ಟಿಯಾಗಲು ಅಂಥ ಒಬ್ಬ ಹೆಂಗಸು ಬೇಕಾಗಿದ್ದಳು. ಇದನ್ನೆಲ್ಲ ಹೊಂಡದ ದಂಡೆಯ ಮೇಲೆ ಕೂತು ತಮ್ಮನಿಗೆ ಹೇಳಿದೆ.

"ಹಂಗಾದ್ರ ರತ್ನಾಜಿಗೆ ಅಷ್ಟು ವರ್ಷ ಸುಮ್ನ ಬೈದೀವಿ?" ಅಂದ.

"ಅವಳು ಇದ್ದಳೋ ಇಲ್ಲವೋ. ಬೆಂಕಿಗೆ ಹಾರಿದವರು ಮಾತ್ರ ಇದ್ದರಲ್ಲ. ಅವರಲ್ಲಿ ಒಬ್ಬರ ಹೆಸರು ಹೇಳು ನೋಡೋಣ."

ಅವನು ಮಾತಾಡಲಿಲ್ಲ. ಹೇಳಲು ನನಗೂ ಬರುತ್ತಿರಲಿಲ್ಲ. ನೂರಾರು ವರ್ಷ ಆಟ ಆಡಿದ್ದೇವೆ, ಹಾಡಿದ್ದೇವೆ. ಒಬ್ಬ ಕೆಟ್ಟ ಹೆಂಗಸಿನ ಹೆಸರು ಪ್ರತಿ ಮಗುವಿಗೂ ಗೊತ್ತು. ಸ್ನಾನ ಮಾಡಿ ಗಂಧ ಹಚ್ಚಿಕೊಂಡು ನಡೆದುಹೋದ ಅಷ್ಟು ಹೆಂಗಸರನ್ನು ನಮಗೆ ಉಳಿಸಿಕೊಟ್ಟವನು ದೂರ ದೇಶದ ಪ್ರವಾಸಿ. ಅವನಿಗೂ ಹೆಸರುಗಳು ಗೊತ್ತಿರಲಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಕುಮಾರರಾಮನ ಗುಡಿ ಚಿಕ್ಕದು. ನಾವು ಹೋದಾಗ ಜಬ್ಬಲಗುಡ್ಡದ ಕಡೆಯಿಂದ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ವರ್ಷ ತುಂಬದ ಒಂದು ಗಂಡುಮಗು. ಕಾಯಿ ಒಡೆದು, ಮಗುವನ್ನು ಗುಡಿಯ ಮುಂದೆ ಮಲಗಿಸಿ ಎತ್ತಿಕೊಂಡರು. ಹೆಸರೇನು ಅಂತ ಕೇಳಿದೆ. "ರಾಮ ಅಂತನ ಇಟ್ಟೀವ್ರಿ," ಅಂದಳು ತಾಯಿ. ನಮಗೂ ಎರಡು ಚೂರು ಕೊಬ್ಬರಿ, ಬೆಲ್ಲ ಕೊಟ್ಟಳು. ಅವಳ ಜೊತೆ ಇಸಾಮಿಯ ಮಾತು, ಸಂಗೂರಿನ ಮಾತು ನಾನು ಆಡಲಿಲ್ಲ. ಮಗುವನ್ನು ಸ್ವಲ್ಪ ಹೊತ್ತು ಎತ್ತಿಕೊಂಡಿದ್ದೆ. ಅದು ನನ್ನ ಕನ್ನಡಕ ಹಿಡಿದು ಎಳೆಯಿತು.

ಕಂಪ್ಲಿಯಲ್ಲಿ ಕೊಂಡ ಮಲ್ಲಿಗೆ ಬ್ಯಾಗಿನಲ್ಲಿತ್ತು. ಬಿಸಿಲಿಗೆ ಸ್ವಲ್ಪ ಬಾಡಿತ್ತು. ಅರ್ಧ ಹರಿದು ರಾಮನ ಗುಡಿಯಲ್ಲಿ ಇಟ್ಟೆ. ಉಳಿದರ್ಧ ಹಿಡಿದುಕೊಂಡು ತೆಂಕಣ ಗೋಡೆಯವರೆಗೂ ನಡೆದೆವು. ಕುಮ್ಮಟ ಕೈಬಿಟ್ಟ ಮೇಲೆ ಕಂಪಿಲನ ಮನೆಯವರು ಹೊಸಮಲೆದುರ್ಗ ಸೇರಿದರು, ಕೊನೆಯ ಬೆಂಕಿ ಉರಿದದ್ದು ಅಲ್ಲೇ ಎಂದು ಇತಿಹಾಸಕಾರರು ಹೇಳುತ್ತಾರೆ. ಇಲ್ಲಿಂದ ಅದು ಹೊಳೆಯಾಚೆ, ಸಂಡೂರಿನ ದಿಕ್ಕು. ಗೋಡೆಯಲ್ಲಿ ಒಂದು ಕಲ್ಲು ಜಾರಿ ಗೂಡಿನ ಹಾಗೆ ಆಗಿತ್ತು. ಹೂವನ್ನು ಅದರಲ್ಲಿ ಇಟ್ಟೆ. ತಮ್ಮ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅದರ ಮೇಲೆ ಚಿಮುಕಿಸಿದ.

ಆಮೇಲೆ ಇಳಿಯಲು ಶುರು ಮಾಡಿದೆವು. ಬಿಸಿಲು ಜಾಸ್ತಿಯಾಗಿತ್ತು, ಕೆಳಗೆ ಕುರಿಗಳ ಗಂಟೆ ಕೇಳಿಸುತ್ತಿತ್ತು.