ಗಣಕದೊಳಗಿನ ಇಲಿ: ಪೋರ್ಟಲ್ ನಾಳ ಕಟ್ಟಿದ ಮೇಲೆ

ಕತ್ತರಿಸಿದ ಯಕೃತ್ತು ಮತ್ತೆ ಬೆಳೆಯುವುದನ್ನು ಅನುಕರಿಸುವ ನನ್ನ ಗಣಕ ಮಾದರಿಯಲ್ಲಿ ಕೊನೆಗೂ ಉಳಿದ ಹಾಲೆಗಳು (ಯಕೃತ್ತಿನ ಭಾಗಗಳು) ಹಿಗ್ಗತೊಡಗಿವೆ. 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ವಿವರಿಸಿದ, ದೊಡ್ಡ ಜಾತಿಯ ಇಲಿಯಾದ ರ‍್ಯಾಟ್‌ನ ಯಕೃತ್ತಿನ ಮೂರನೆಯ ಎರಡು ಭಾಗವನ್ನು ತೆಗೆದುಬಿಡುವ ಪ್ರಯೋಗವನ್ನು ನನ್ನ ಸಿಮ್ಯುಲೇಷನ್ ಮೊದಲಿನಿಂದಲೂ ಚೆನ್ನಾಗಿಯೇ ಹಿಂಬಾಲಿಸುತ್ತಿತ್ತು: ಜೀವಕೋಶಗಳು ಇಬ್ಭಾಗವಾಗುವ ಮುನ್ನ ನಡೆಯುವ ಡಿಎನ್‌ಎ ಸಂಶ್ಲೇಷಣೆ ಸುಮಾರು 24ನೇ ಗಂಟೆಗೆ ಉತ್ತುಂಗ ತಲುಪುತ್ತಿತ್ತು, 7ರಿಂದ 10 ದಿನಗಳಲ್ಲಿ ತೂಕ ಮರಳುತ್ತಿತ್ತು. ಆ ಸಮೀಕರಣಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಈ ಹುಚ್ಚು ಹಿಡಿದವರೆಲ್ಲ ಅವನ್ನು ದಾಟಿಯೇ ಬಂದಿರುತ್ತೀರಿ. ಕಾಡಿದ್ದು ಅದರ ಮುಂದಿನ ಹಂತ. ತೆಗೆಯಬೇಕಾದ ಹಾಲೆಗಳಿಗೆ ಕರುಳಿನ ರಕ್ತವನ್ನು ಒಯ್ಯುವ ಪೋರ್ಟಲ್ ನಾಳವನ್ನು ಮೊದಲೇ ಕಟ್ಟಿ, ಉಳಿಯಬೇಕಾದ ಹಾಲೆಗಳು ಬೆಳೆಯುವವರೆಗೆ ಕಾದು, ಆಮೇಲೆ ಶಸ್ತ್ರಚಿಕಿತ್ಸೆ ಮಾಡುವ ಕ್ರಮವನ್ನು ಅಳವಡಿಸಿದೆ. ಮಾದರಿ ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಬೆಳವಣಿಗೆಯ ಸಂಕೇತವು ‘ಕಳೆದುಹೋದ ತೂಕ’ಕ್ಕೆ ಜೋಡಣೆಯಾಗಿತ್ತು, ಆದರೆ ನಾಳ ಕಟ್ಟಿದ ಕ್ಷಣದಲ್ಲಿ ಒಂದು ಗ್ರಾಂ ತೂಕವೂ ಕಳೆಯುವುದಿಲ್ಲ. ಹಾಗಿದ್ದರೂ ಕಟ್ಟಿದ ಭಾಗ ಸೊರಗಿ ಉಳಿದ ಭಾಗ ಹಿಗ್ಗುತ್ತದೆ ಎಂಬುದನ್ನು ರೌಸ್ ಮತ್ತು ಲಾರಿಮೋರ್ 1920ರಲ್ಲೇ ಮೊಲಗಳಲ್ಲಿ ತೋರಿಸಿದ್ದರು. ಆದ್ದರಿಂದ ಸಂಕೇತವನ್ನು ‘ಪ್ರತಿ ಗ್ರಾಂ ಅಂಗಾಂಶಕ್ಕೆ ಹರಿಯುವ ಪೋರ್ಟಲ್ ರಕ್ತ’ಕ್ಕೆ ಜೋಡಿಸಿದೆ. ಕರುಳಿನಿಂದ ಬರುವ ಅಷ್ಟೂ ರಕ್ತ ಈಗ ಉಳಿದ ಪುಟ್ಟ ಹಾಲೆಗಳ ಮೂಲಕವೇ ನುಗ್ಗಬೇಕಾದ್ದರಿಂದ ಅಲ್ಲಿನ ಜೀವಕೋಶಗಳು ಎಚ್ಚೆತ್ತವು. ಎಚ್ಚೆತ್ತದ್ದು ಸ್ವಲ್ಪ ಹೆಚ್ಚೇ ಆಯಿತು: ಆಮ್ಲಜನಕದ ಮಟ್ಟ ನಂಬಲಾಗದಷ್ಟು ಏರಿತು. ಪೋರ್ಟಲ್ ಹರಿವು ಹೆಚ್ಚಿದಾಗ, ರಕ್ತನಾಳಗಳನ್ನು ಹಿಗ್ಗಿಸುವ ಅಡೆನೋಸಿನ್ ಎಂಬ ವಸ್ತು ಕೊಚ್ಚಿಹೋಗಿ ಯಕೃತ್ತಿನ ಅಪಧಮನಿ ಸಂಕುಚಿಸುವ ಸಮತೋಲನವನ್ನು ಸೇರಿಸಿದ ಮೇಲಷ್ಟೇ ಅದು ಹದಕ್ಕೆ ಬಂತು.

ಇಷ್ಟರ ನಡುವೆ ರಕ್ತನಾಳಗಳ ಜಾಲಕ್ಕೆಂದು ಹಣ ಕೊಟ್ಟು ಕೊಂಡ ಮೂರು ಆಯಾಮದ ಆಕೃತಿಯ ಕಥೆ ಬೇರೆ. ‘ರ‍್ಯಾಟ್ ಯಕೃತ್ತು’ ಎಂದು ಹೆಸರಿಟ್ಟು ಮಾರಿದ ಫೈಲನ್ನು ತಿರುಗಿಸಿ ನೋಡಿದರೆ ಮಧ್ಯದ ಹಾಲೆಯ ಕೆಳಗೆ ಅಚ್ಚುಕಟ್ಟಾದ ಪಿತ್ತಕೋಶವೊಂದು ನೇತಾಡುತ್ತಿತ್ತು. ರ‍್ಯಾಟ್‌ಗೆ ಪಿತ್ತಕೋಶವೇ ಇಲ್ಲ, ಚಿಕ್ಕ ಇಲಿಯಾದ ಮೌಸ್‌ಗೆ ಇದೆ. ದೂರು ಬರೆದಾಗ, ಬೇಡವಾದರೆ ಆ ಭಾಗವನ್ನು ಅಳಿಸಿಕೊಳ್ಳಬಹುದು ಎಂಬ ಸೌಜನ್ಯದ ಉತ್ತರ ಬಂತು.

ನಿಜವಾಗಿ ಸತಾಯಿಸಿದ್ದು ಬೆಳವಣಿಗೆಯ ವೇಗ. ನಾಳ ಕಟ್ಟುವುದರ ಜೊತೆಗೆ ಎರಡು ಭಾಗಗಳ ನಡುವಿನ ಅಂಗಾಂಶವನ್ನೂ ಸೀಳುವ ಆಲ್ಪ್ಸ್ ವಿಧಾನದಲ್ಲಿ ಯಕೃತ್ತು ಬಹು ಬೇಗ ಹಿಗ್ಗುತ್ತದೆ. 2012ರ ಜರ್ಮನ್ ವರದಿಯಲ್ಲಿ ರೋಗಿಗಳ ಉಳಿಯಬೇಕಾದ ಭಾಗ ಸುಮಾರು 9 ದಿನಗಳಲ್ಲಿ 74%ರಷ್ಟು ಹಿಗ್ಗಿತ್ತು. ಹಾಲೆಗಳ ನಡುವಿನ ಅಡ್ಡನಾಳಗಳು ಕಟ್ಟಿದ ಭಾಗಕ್ಕೆ ಕಳ್ಳದಾರಿಯಲ್ಲಿ ರಕ್ತ ಸಾಗಿಸುತ್ತವೆ, ಸೀಳಿದಾಗ ಆ ದಾರಿ ಮುಚ್ಚುತ್ತದೆ ಎಂಬ ವಿವರಣೆ ನನ್ನ ಹರಿವಿನ ಮಾದರಿಗೆ ಹೇಳಿ ಮಾಡಿಸಿದಂತಿತ್ತು. ಆದರೆ 2014ರಲ್ಲಿ ಪ್ರಕಟವಾದ ಮೌಸ್ ಪ್ರಯೋಗ ಈ ನೆಮ್ಮದಿಯನ್ನು ಕೆಡಿಸುತ್ತದೆ: ನಾಳವನ್ನಷ್ಟೇ ಕಟ್ಟಿದ ಮೌಸ್‌ಗೆ ಆಲ್ಪ್ಸ್ ಆದ ಮೌಸ್‌ನ ಪ್ಲಾಸ್ಮಾ (ರಕ್ತದ ದ್ರವಭಾಗ) ಕೊಟ್ಟರೂ, ಯಕೃತ್ತಿನ ಬದಲು ಗುಲ್ಮಕ್ಕೋ (ಸ್ಪ್ಲೀನ್) ಮೂತ್ರಪಿಂಡಕ್ಕೋ ಗಾಯ ಮಾಡಿದರೂ ಬೆಳವಣಿಗೆ ಅಷ್ಟೇ ಚುರುಕಾಗುತ್ತದೆ. ಗುಲ್ಮದ ಗಾಯ ಯಕೃತ್ತಿನ ಅಡ್ಡನಾಳಗಳನ್ನು ಮುಚ್ಚುವುದಿಲ್ಲವಲ್ಲ! ಹಾಗಾಗಿ ರಕ್ತದಲ್ಲಿ ಸುತ್ತುವ, ಗಾಯದಿಂದ ಹುಟ್ಟುವ ಸಂಕೇತವೊಂದನ್ನು ಬೇರೆಯಾಗಿಯೇ ಸೇರಿಸಬೇಕಾಯಿತು. ಸೇರಿಸಿದೊಡನೆ ಹೊಸ ಪೇಚು: ಅಡ್ಡನಾಳ, ರಕ್ತದ ಸಂಕೇತ ಎಂಬ ಎರಡು ತಿರುಪುಗಳಲ್ಲಿ ಯಾವುದನ್ನು ತಿರುಗಿಸಿದರೂ ಅದೇ ವಕ್ರರೇಖೆ ಬರುತ್ತಿತ್ತು. ಪ್ಲಾಸ್ಮಾ ಕೊಟ್ಟ ಗುಂಪಿನಲ್ಲಿ ಅಡ್ಡನಾಳಗಳು ತೆರೆದೇ ಇರುವುದರಿಂದ, ಆ ಗುಂಪಿನಿಂದ ಸಂಕೇತದ ಬಲವನ್ನು ನಿಗದಿ ಮಾಡಿ, ಅದನ್ನು ಬೀಗ ಹಾಕಿಟ್ಟು, ಉಳಿದದ್ದನ್ನಷ್ಟೇ ಅಡ್ಡನಾಳಗಳ ಲೆಕ್ಕಕ್ಕೆ ಬಿಟ್ಟಾಗ ಗಂಟು ಬಿಚ್ಚಿತು. ಅಡ್ಡನಾಳಗಳ ಪಾಲು ನಾನು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಎಂದೇ ಈಗ ತೋರುತ್ತದೆ.

ರಕ್ತದ ಸಂಕೇತ ಕೈಗೆ ಸಿಕ್ಕಿದ್ದೇ ತಡ, ಮನಸ್ಸು ಇನ್ನೊಂದು ಯೋಜನೆಗೆ ಹಾರಿದೆ. 1967ರಲ್ಲಿ ಮೂಲ್ಟೆನ್ ಮತ್ತು ಬುಚರ್ ಎರಡು ರ‍್ಯಾಟ್‌ಗಳ ರಕ್ತ ಪರಿಚಲನೆಯನ್ನು ಜೋಡಿಸಿ, ಒಂದರ ಯಕೃತ್ತನ್ನು ಕತ್ತರಿಸಿದರೆ ಇನ್ನೊಂದರ ಅಖಂಡ ಯಕೃತ್ತಿನಲ್ಲೂ ಡಿಎನ್‌ಎ ಸಂಶ್ಲೇಷಣೆ ಏರುವುದನ್ನು ಕಂಡಿದ್ದರು. ನನ್ನ ಕೋಡ್‌ನಲ್ಲಿ ಎರಡನೆಯ ಇಲಿಯನ್ನು ಸೇರಿಸುವುದು ದೊಡ್ಡ ಕೆಲಸವೇನಲ್ಲ. ಅದಕ್ಕಿಂತ ಸೊಗಸಾದದ್ದು ಕಸಿಯ ಪ್ರಶ್ನೆ: ದೊಡ್ಡ ನಾಯಿಯ ಯಕೃತ್ತನ್ನು ಸಣ್ಣ ನಾಯಿಗೆ ಕಸಿ ಮಾಡಿದರೆ ಅದು ಹೊಸ ದೇಹದ ಅಳತೆಗೆ ಕುಗ್ಗುತ್ತದೆ. ಹರಿವಿನ ಸಂಕೇತ ಕುಗ್ಗುವ ದಿಕ್ಕಿನಲ್ಲೂ ಕೆಲಸ ಮಾಡುತ್ತದೆಯೇ ಎಂದು ನೋಡುವ ಚಪಲ ತಡೆಯಲಾಗುತ್ತಿಲ್ಲ.

ಅದಕ್ಕೂ ಮೊದಲು ಕಟ್ಟಿದ ಹಾಲೆಗಳ ಕಡೆ ನೋಡಬೇಕು. ಅಪಧಮನಿಯ ರಕ್ತ ಇದ್ದರೂ ಅವು ಮಾದರಿಯಲ್ಲಿ ಅವಸರವಾಗಿ ಸೊರಗುತ್ತಿವೆ, ಬೆಳವಣಿಗೆಗೆ ಕಡಿವಾಣ ಹಾಕುವ ಟಿಜಿಎಫ್-ಬೀಟಾ ಪ್ರೋಟೀನಿನ ತಡೆಯನ್ನು ಹಾಲೆಹಾಲೆಗೂ ಬೇರೆಬೇರೆಯಾಗಿ ಬರೆಯದೆ ವಿಧಿಯಿಲ್ಲ. ಮುಂದಿನ ಬರಹದ ವೇಳೆಗೆ ಆ ವಕ್ರರೇಖೆಗಳು ಸಿದ್ಧವಿರುತ್ತವೆ, ಪಿತ್ತಕೋಶವನ್ನಂತೂ ಆಗಲೇ ಅಳಿಸಿಯಾಗಿದೆ.