ದೂರು ಬರೆಯೋ ಮುಂಚೆ ಗಡಿಯಾರ ನೋಡಿ

ನನ್ನ ಕೆಲಸದ ಹೆಸರು ಸಮುದಾಯ ಸಂಯೋಜಕಿ. ಕೇಳೋಕೆ ದೊಡ್ಡದು. ಮಾಡೋದು ಇಷ್ಟೇ: ಬೆಂಗಳೂರಿನ ದಕ್ಷಿಣದ ಕಡೆ, ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಹತ್ತಿರದ ಒಂದು ವಾರ್ಡಿನಲ್ಲಿ ಜನರ ದೂರು ಕೇಳಿ, ಬರೆದುಕೊಂಡು, ಸಂಬಂಧಪಟ್ಟವರ ಬೆನ್ನು ಹತ್ತೋದು. ಒಂದು ಸಣ್ಣ ಸಂಸ್ಥೆ ಇದಕ್ಕೆ ಸಂಬಳ ಕೊಡುತ್ತದೆ.

ಇಲ್ಲಿ ಕಲಿತ ಒಂದು ವಿಷಯ ಹೇಳುತ್ತೇನೆ. ವಾರ್ಡಿನ ಜಗಳಗಳಲ್ಲಿ ಮುಕ್ಕಾಲು ಪಾಲು ಹೊತ್ತಿನ ಜಗಳ. ತಪ್ಪು ಯಾರದ್ದು ಅಂತ ಹುಡುಕೋ ಮುಂಚೆ, ಇದು ಎಷ್ಟು ಗಂಟೆಗೆ ಆಗುತ್ತದೆ ಅಂತ ಕೇಳಬೇಕು.

ನಮ್ಮಲ್ಲಿ ಒಂದು ಬ್ಲ್ಯಾಕ್ ಸ್ಪಾಟ್ ಇತ್ತು, ಅಂದರೆ ಜನ ಕಸ ತಂದು ಸುರಿಯೋ ಜಾಗ. ಖಾಲಿ ಸೈಟಿನ ಮೂಲೆ, ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್. ಪೌರಕಾರ್ಮಿಕರು ಬೆಳಗ್ಗೆ ಗುಡಿಸಿ ಹೋದರೆ ಮಧ್ಯಾಹ್ನಕ್ಕೆ ಮತ್ತೆ ಕವರ್‌ಗಳ ರಾಶಿ. ಮಾಮೂಲಿ ಮದ್ದೆಲ್ಲ ಆಗಿತ್ತು. ರಂಗೋಲಿ ಹಾಕಿದ್ದರು. ದೇವರ ಫೋಟೋ ಇಟ್ಟಿದ್ದರು. ದಂಡದ ಬೋರ್ಡ್ ನೆಟ್ಟಿದ್ದರು. ಕಸ ನಾಲ್ಕು ದಿನ ಪಕ್ಕದ ತಿರುವಿಗೆ ಹೋಗಿ ವಾಪಸ್ ಬರುತ್ತಿತ್ತು. ಅಪಾರ್ಟ್‌ಮೆಂಟಿನವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಆಗಲೇ ತೀರ್ಪೂ ಆಗಿತ್ತು: ಹಿಂದಿನ ಬೀದಿಯ ಬಾಡಿಗೆ ಮನೆಯವರಿಗೆ ಸಿವಿಕ್ ಸೆನ್ಸ್ ಇಲ್ಲ.

ನಾನು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಸುಮ್ನೆ ನಿಂತು ನೋಡಿದೆ. ಕಸ ಎರಡು ಹೊತ್ತಿನಲ್ಲಿ ಬೀಳುತ್ತಿತ್ತು. ರಾತ್ರಿ ಹತ್ತರ ಮೇಲೆ ಬೈಕಿನಲ್ಲಿ ಬಂದು, ಇಳಿಯದೆ ಎಸೆದು ಹೋಗುವವರು. ಇವರು ಬೇರೆ ಬೀದಿಯವರು, ಅಂಗಡಿಯವರೂ ಇದ್ದರು. ಇನ್ನೊಂದು ಬೆಳಗ್ಗೆ ಎಂಟರ ಆಸುಪಾಸು. ಫ್ಯಾಕ್ಟರಿಗೆ ಹೊರಟ ಹೆಂಗಸರು, ಒಂದು ಕೈಯಲ್ಲಿ ಊಟದ ಬ್ಯಾಗು, ಇನ್ನೊಂದು ಕೈಯಲ್ಲಿ ಕವರು. ಇವರು ಎಸೆಯುತ್ತಿರಲಿಲ್ಲ. ಬಗ್ಗಿ ಇಟ್ಟು ಹೋಗುತ್ತಿದ್ದರು. ಬಿಚ್ಚಿ ನೋಡಿದರೆ ಹಸಿ ಕಸ ಒಂದರಲ್ಲಿ, ಒಣ ಕಸ ಇನ್ನೊಂದರಲ್ಲಿ! ಬೇರ್ಪಡಿಸಿ, ಗಂಟು ಕಟ್ಟಿ, ರಸ್ತೆ ಬದಿಗೆ.

ಒಬ್ಬರನ್ನು ಕೇಳಿಯೇಬಿಟ್ಟೆ. "ಗಾಡಿಗೆ ಯಾಕೆ ಕೊಡಲ್ಲ ಅಕ್ಕ?"

"ಗಾಡಿ ಹತ್ತು ಗಂಟೆಗೆ ಬರತ್ತೆ ಮೇಡಂ. ನಾವು ಎಂಟಕ್ಕೆ ಬೀಗ ಹಾಕ್ತೀವಿ. ಬಾಗಿಲಲ್ಲಿ ಇಟ್ರೆ ನಾಯಿ ಎಳೆಯತ್ತೆ, ಓನರ್ ಬೈತಾರೆ. ಇನ್ನೇನು, ಕಂಪನಿಗೆ ಹೊತ್ಕೊಂಡು ಹೋಗ್ಲಾ?"

ಇದಕ್ಕೆ ಯಾವ ಜಾಗೃತಿ ಕಾರ್ಯಕ್ರಮದಲ್ಲೂ ಉತ್ತರ ಇಲ್ಲ. ನಮ್ಮ ಕಸ ಸುರಿಯುತ್ತಿದ್ದ ಹಳ್ಳಿಗಳಾದ ಮಾವಳ್ಳಿಪುರ, ಮಂಡೂರಿನ ಜನ ಬೆಂಗಳೂರಿನ ಕಸ ಬೇಡ ಅಂತ ಬೀದಿಗಿಳಿದ ಮೇಲೆ, 2012ರಿಂದ ಈ ಊರಿಗೆ ಕಸ ಬೇರ್ಪಡಿಸಿ ಅಂತ ಹೇಳುತ್ತಲೇ ಇದ್ದಾರೆ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬಿ, ಒಂದು ಚೀಲದ ಪದ್ಧತಿಯನ್ನೇ ಕಡ್ಡಾಯ ಮಾಡಿತು. ಹಸಿ ಕಸಕ್ಕೆ ಹಸಿರು ಡಬ್ಬಿ, ಡೈಪರ್, ಪ್ಯಾಡ್ ಥರದ್ದಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಬಣ್ಣ ಈಗ ಮಕ್ಕಳಿಗೂ ಬಾಯಿಪಾಠ. ಗಾಡಿ ಬರೋ ಟೈಮ್ ಮಾತ್ರ ಯಾರಿಗೂ ಗೊತ್ತಿಲ್ಲ.

ಗಾಡಿ ಯಾಕೆ ಹತ್ತಕ್ಕೆ ಬರುತ್ತದೆ? ಆಟೋ ಟಿಪ್ಪರ್ ಡ್ರೈವರಣ್ಣ ಹೇಳಿದ್ದು ಇದು. ಅವರು ಮುಂಜಾನೆ ದೊಡ್ಡ ರಸ್ತೆಯ ಕಡೆಯಿಂದ ಶುರು ಮಾಡುತ್ತಾರೆ. ಅಪಾರ್ಟ್‌ಮೆಂಟ್ ಸಾಲು ಮುಗಿಯುವಷ್ಟರಲ್ಲಿ ಗಾಡಿ ಭರ್ತಿ. ಅದನ್ನು ಕಾಂಪ್ಯಾಕ್ಟರಿಗೆ, ಅಂದರೆ ಕಸ ಒತ್ತಿ ತುಂಬೋ ದೊಡ್ಡ ಲಾರಿಗೆ, ಸುರಿದು ಬರಬೇಕು. ಕಾಂಪ್ಯಾಕ್ಟರ್ ರಾತ್ರಿ ಹೋದದ್ದು ಊರಾಚೆ ಕಸ ಇಳಿಸಿ ವಾಪಸ್ ಬಂದಿರಬೇಕು. ಅದು ತಡವಾದರೆ ಟಿಪ್ಪರ್‌ಗಳೆಲ್ಲ ಸಾಲಾಗಿ ಕಾಯುತ್ತವೆ. ಹಿಂದಿನ ಬೀದಿ ಯಾವಾಗಲೂ ಎರಡನೇ ಟ್ರಿಪ್ಪಿಗೆ ಬೀಳುತ್ತದೆ. ಅಂದರೆ ಮೂವತ್ತು ಕಿಲೋಮೀಟರ್ ಆಚೆ ಒಂದು ಲಾರಿ ಕ್ಯೂನಲ್ಲಿ ನಿಂತರೆ, ಇಲ್ಲಿ ಒಬ್ಬ ಹೆಂಗಸಿಗೆ ಸಿವಿಕ್ ಸೆನ್ಸ್ ಇಲ್ಲ ಅಂತ ಹೆಸರು ಬರುತ್ತದೆ.

ಹೆಲ್ತ್ ಇನ್ಸ್‌ಪೆಕ್ಟರ್ ಹತ್ತಿರ ಹೋಗಿ ಕೇಳಿದ್ದು ಒಂದೇ: ರೂಟ್ ತಿರುಗಿಸಿ, ಹಿಂದಿನ ಬೀದಿಯಿಂದ ಶುರು ಮಾಡಿ. ಅವರು "ಮೊದಲು ಅಪಾರ್ಟ್‌ಮೆಂಟಿನವರನ್ನ ಒಪ್ಪಿಸಿ, ಆಮೇಲೆ ಫೋನ್ ಬರೋದು ನಂಗೆ" ಎಂದರು. ನ್ಯಾಯವಾದ ಮಾತು. ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ನಿವೃತ್ತ ಅಂಕಲ್ ಒಬ್ಬರು ಸಿಟ್ಟಾದರು, ತೆರಿಗೆ ಕಟ್ಟುವವರು ಕೊನೆಗಾ ಅಂತ. ಬಾಡಿಗೆ ಮನೆಯ ತೆರಿಗೆಯೂ ಬಾಡಿಗೆಯಲ್ಲೇ ಸೇರಿರುತ್ತದೆ ಅಂತ ಹೇಳಿ ನೋಡಿದೆ, ಉಪಯೋಗ ಆಗಲಿಲ್ಲ. ಕೆಲಸ ಮಾಡಿದ್ದು ಅವರದೇ ಹೌಸ್‌ಕೀಪಿಂಗ್ ಮೇಲ್ವಿಚಾರಕರ ಮಾತು: "ನಮ್ಮ ಡ್ರಮ್ಮು ಕೆಳಗೇ ಇರತ್ತಲ್ಲ ಸಾರ್, ಹತ್ತಕ್ಕೆ ಬಂದ್ರೆ ನಮಗೇನು?"

ರೂಟ್ ತಿರುಗಿತು. ಬೆಳಗಿನ ಕವರ್‌ಗಳು ಹೆಚ್ಚುಕಡಿಮೆ ನಿಂತವು. ರಾತ್ರಿಯ ಬೈಕಿನವರು ಇನ್ನೂ ಇದ್ದಾರೆ. ಅದು ಕಸ ಎಸೆಯುವವರನ್ನು ಹಿಡಿಯೋ ಮಾರ್ಷಲ್‌ಗಳು ದಂಡ ಹಾಕಬೇಕಾದ ಕೇಸು, ಅಲ್ಲಿ ನನಗೆ ಕರುಣೆ ಇಲ್ಲ. ಆದರೆ ಮೊದಲು ಎರಡೂ ಗುಂಪನ್ನು ಒಂದೇ ಬೋರ್ಡಿನಲ್ಲಿ ಬೈಯುತ್ತಿದ್ದರು.

ಇದೇ ಲೆಕ್ಕ ವಾರ್ಡಿನ ದೂರು ಚರ್ಚಿಸೋ ವಾರ್ಡ್ ಸಮಿತಿಯ ಸಭೆಗೂ ಹೊಂದುತ್ತದೆ. ವಾರ್ಡ್ ಸಮಿತಿಯಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಇಬ್ಬರು ಇರಬೇಕು ಅಂತ 2016ರ ನಿಯಮದಲ್ಲೇ ಇತ್ತು. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಬಾಗಿಲು ತಟ್ಟೋಕೆ ಕಾರ್ಪೊರೇಟರ್ ಮನೆಯೂ ಇರಲಿಲ್ಲ. ಹಾಗಾಗಿ ಸಭೆಯ ಬೆಲೆ ಜಾಸ್ತಿ. ಆದರೆ ಶನಿವಾರ ಬೆಳಗ್ಗೆ ಸಭೆ ಇಟ್ಟರೆ ಬರೋದು ಯಾರು? ಫ್ಯಾಕ್ಟರಿಗೆ ಶನಿವಾರವೂ ಕೆಲಸ. ಬರುವವರು ಪಾರ್ಕು, ಫುಟ್‌ಪಾತ್, ಬೀದಿ ನಾಯಿ ಅನ್ನುತ್ತಾರೆ. ಅದೂ ಬೇಕು, ಇಲ್ಲ ಅನ್ನಲ್ಲ.

ಅಧಿಕೃತ ಸಭೆಯ ಹೊತ್ತು ಬದಲಿಸೋದು ನನ್ನ ಕೈಯಲ್ಲಿಲ್ಲ. ಅದಕ್ಕೆ ಅದರ ಹಿಂದಿನ ಭಾನುವಾರ ಸಂಜೆ, ಬಟ್ಟೆ ಒಗೆದು ಸಂತೆ ಮುಗಿದ ಮೇಲೆ, ಹಿಂದಿನ ಬೀದಿಯಲ್ಲೇ ಕೂತು ಮಾತಾಡುತ್ತೇವೆ. ಅಲ್ಲಿ ಬಂದ ದೂರುಗಳು ಸಹಿ ಸಮೇತ ಶನಿವಾರದ ಸಭೆಗೆ ಹೋಗುತ್ತವೆ. ಮೊದಲ ಭಾನುವಾರ ನಾನು ಕಸದ ಪಟ್ಟಿ ಹಿಡಿದು ಕೂತಿದ್ದೆ. ಅವರು ಎತ್ತಿದ್ದು ಬೀದಿ ದೀಪ. ಓವರ್‌ಟೈಮ್ ಮುಗಿಸಿ ಬರುವ ದಾರಿ ಪೂರ್ತಿ ಕತ್ತಲೆ. ದೂರು ಕೊಡೋಕೆ ಕಂಬದ ನಂಬರ್ ಬೇಕು ಅಂದೆ. ಮಾರನೇ ದಿನ ಕೆಲಸ ಬಿಟ್ಟು ಬರುವಾಗ ಹುಡುಗಿಯರು ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಕಂಬದ ಫೋಟೋ ತೆಗೆದು ಕಳಿಸಿದರು. ಬಹುತೇಕ ದೀಪ ಹತ್ತಿವೆ. ನಂಬರೇ ಅಳಿಸಿಹೋದ ಒಂದು ಕಂಬ ಬಾಕಿ ಇದೆ, ಅದಕ್ಕೆ ಪಕ್ಕದ ಮನೆ ನಂಬರ್ ಹಾಕಿ ಮತ್ತೆ ಬರೆದಿದ್ದೇನೆ.