ಗೋಸುಂಬೆಯ ಬಣ್ಣ, ನಾಲಿಗೆ

ಮಾತು ತಪ್ಪಿದವರನ್ನೆಲ್ಲ ಗೋಸುಂಬೆ ಅಂತ ಬೈಯುತ್ತೇವೆ. ಪಾಪದ ಪ್ರಾಣಿ, ಅದಕ್ಕೆ ಒಳಗಿನದನ್ನು ಮುಚ್ಚಿಡಲು ಬರುವುದೇ ಇಲ್ಲ!

ಹಿಂದೆ ಯಾವ ಬಣ್ಣವಿಟ್ಟರೂ ಅದಕ್ಕೇ ತಿರುಗುತ್ತದೆ ಅನ್ನುವುದು ಸುಳ್ಳು. ಬೆಳಿಗ್ಗೆ ಮೈ ತಣ್ಣಗಿದ್ದರೆ ಬಿಸಿಲು ಹೀರಲು ಕಪ್ಪಾಗುತ್ತದೆ, ಮೈ ಕಾದ ಮೇಲೆ ತಿಳಿಯಾಗುತ್ತದೆ. ಎದುರಿಗೆ ಇನ್ನೊಂದು ಗಂಡು ಬಂದರೆ ಬಣ್ಣ ಏರುತ್ತದೆ. ಸೋತದ್ದು ಮಂಕಾಗಿ ಹಿಂದೆ ಸರಿಯುತ್ತದೆ. ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯಲ್ಲಿ ಇದರ ಒಳಗುಟ್ಟನ್ನು 2015ರಲ್ಲಿ ವಿಜ್ಞಾನಿಗಳು ಬಿಡಿಸಿಟ್ಟರು. ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ರಾಸಾಯನಿಕದ ಸೂಕ್ಷ್ಮ ಹರಳುಗಳಿವೆ. ಪ್ರಾಣಿ ಶಾಂತವಾಗಿದ್ದಾಗ ಅವು ಒತ್ತೊತ್ತಾಗಿದ್ದು ನೀಲಿ ಬೆಳಕನ್ನು ಹಿಂದಿರುಗಿಸುತ್ತವೆ; ಜೊತೆಗೆ ಹಳದಿ ವರ್ಣದ್ರವ್ಯ ಸೇರಿ ಮೈ ಹಸಿರಾಗಿ ಕಾಣುತ್ತದೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹಿಗ್ಗಿ ಹಳದಿ, ಕಿತ್ತಳೆ ಮೇಲೆ ಬರುತ್ತವೆ. ಕೆಲವೇ ನಿಮಿಷದ ಕೆಲಸ.



ನಾಲಿಗೆಯಂತೂ ನನಗೆ ಬಣ್ಣಕ್ಕಿಂತ ದೊಡ್ಡ ಬೆರಗು. ಬೇರೆಬೇರೆ ಕಡೆ ತಿರುಗುತ್ತಿದ್ದ ಎರಡೂ ಕಣ್ಣು ಹುಳುವಿನ ಮೇಲೆ ನೆಡುತ್ತವೆ, ಬಾಯಿ ತುಸು ತೆರೆಯುತ್ತದೆ, ನಾಲಿಗೆಯ ತುದಿ ನಿಧಾನಕ್ಕೆ ಇಣುಕುತ್ತದೆ, ಆಮೇಲೆ ಒಮ್ಮೆಲೇ ಚಿಮ್ಮು. ಸ್ನಾಯು ಮೊದಲೇ ಬಿಗಿದಿಟ್ಟ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನ ಪದರಗಳು ಬಿಟ್ಟ ಬಾಣದಂತೆ ಅದನ್ನು ಎಸೆಯುತ್ತವೆ. ಆದ್ದರಿಂದಲೇ ಚಳಿಯಲ್ಲೂ ಆ ಎಸೆತದ ವೇಗ ಹೆಚ್ಚು ಕುಗ್ಗುವುದಿಲ್ಲ. ಒಳಕ್ಕೆ ಎಳೆದುಕೊಳ್ಳುವುದು ಮಾತ್ರ ಸ್ನಾಯುವಿನ ಕೆಲಸ, ಚಳಿಗೆ ಅದು ಬಹಳ ನಿಧಾನವಾಗುತ್ತದೆ. ಹುಳು ಜಾರದಂತೆ ಹಿಡಿಯುವ ತುದಿಯ ಜೊಲ್ಲು ನಮ್ಮ ಜೊಲ್ಲಿಗಿಂತ ಸುಮಾರು 400 ಪಟ್ಟು ಮಂದ.